ಹಳೇ ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹೋಗಿದೆ, ಬದಲಾಯಿಸಿದವರು ಅನುಭವ ಹೇಳಿ

ದಾವಣಗೆರೆಯಿಂದ:
2012ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್. ಮೂರನೇ ಜನರೇಶನ್ ಐ5, 8 ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮೊನ್ನೆ ಕರೆಂಟ್ ಹೋಗಿ ಬಂದಾಗ ಹಿಂದುಗಡೆ ಟಪ್ ಅಂತ ಸದ್ದಾಯಿತು, ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ ಸತ್ತಿದೆಯಾ ಅಂತ ಅದರ ಹಸಿರು, ಕಪ್ಪು ವೈರಿಗೆ ಪೇಪರ್ ಕ್ಲಿಪ್ ಹಾಕಿ ನೋಡಿದೆ, ಫ್ಯಾನ್ ಅಲ್ಲಾಡಲಿಲ್ಲ. ಅಂಗಡಿಯಲ್ಲಿ ಸಾದಾ ಎಸ್‌ಎಂಪಿಎಸ್ 750 ರೂಪಾಯಿ, ಬ್ರ್ಯಾಂಡೆಡ್ 2,700 ಅಂದರು. ಮಗಳ ಪ್ರಾಜೆಕ್ಟು, ನನ್ನ ಅಂಗಡಿ ಲೆಕ್ಕ, ಇಷ್ಟೇ ಕೆಲಸ. ಯಾವುದು ಹಾಕಿಸಲಿ?

ಹಾಸನದಿಂದ:
ಸಾರ್, 750ರದ್ದನ್ನು ಮುಟ್ಟಬೇಡಿ. ಮುಟ್ಟಿ ಕಳಕೊಂಡವನು ನಾನು. ಮೊದಲನೇದು 650, ಏಳು ತಿಂಗಳು ಬಂತು. ಎರಡನೇದು 700, ಒಂದು ವರ್ಷ ವಾರಂಟಿ ಅಂದಿದ್ದರು. ಹನ್ನೊಂದನೇ ತಿಂಗಳಿಗೆ ಹೋಯಿತು. ತಗೊಂಡು ಹೋದರೆ ಬಿಲ್ ಎಲ್ಲಿ ಅಂದರು. ಬಿಲ್ಲೇ ಕೊಟ್ಟಿರಲಿಲ್ಲ. ಮೂರನೇದು 800. ಅದು ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಸುಟ್ಟುಹಾಕಿತು. ಸೆಕೆಂಡ್ ಹ್ಯಾಂಡ್ ಬೋರ್ಡಿಗೆ 2,400, ಹೊಸ ಡಿಸ್ಕಿಗೆ 2,900. ಡಿಸ್ಕಿನಲ್ಲಿದ್ದುದನ್ನು ತೆಗೆದುಕೊಡಲು ಬೆಂಗಳೂರಿನಲ್ಲಿ 14,000 ಕೇಳಿದರು. ಅಷ್ಟು ಇರಲಿಲ್ಲ. ಅಮ್ಮನ ಕೊನೇ ದೀಪಾವಳಿಯ ಫೋಟೋಗಳೆಲ್ಲ ಅದರಲ್ಲೇ ಇವೆ. ಡಿಸ್ಕನ್ನು ಅಮ್ಮನ ಹಳೇ ಸೀರೆ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ.

ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಮುಂದೆ ಎಷ್ಟು ಆಂಪಿಯರ್ ಇದೆ ಓದಿ. ನನ್ನದರಲ್ಲಿ 14 ಇತ್ತು. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್ ಎಳೆಯುವುದು ಆ 12 ವೋಲ್ಟಿನಿಂದಲೇ ಅಲ್ವಾ?

ಮೈಸೂರಿನಿಂದ:
ಹೊಸದು ಯಾಕೆ ಬೇಕು? ನನ್ನದು 2009ರ ಕೋರ್ 2 ಡ್ಯುಯೊ. ಎಸ್‌ಎಂಪಿಎಸ್ ಬಿಚ್ಚಿದೆ. ಎರಡು ಕೆಪಾಸಿಟರ್‌ಗಳ (ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ತಲೆ ಪೂರಿಯ ಹಾಗೆ ಉಬ್ಬಿತ್ತು, ಬುಡದಲ್ಲಿ ಕಂದು ಅಂಟು. 10 ವೋಲ್ಟ್, 2200 ಮೈಕ್ರೋಫ್ಯಾರಡ್, 105 ಡಿಗ್ರಿಯದ್ದೇ ಕೇಳಿ ತಂದೆ. ಒಂದಕ್ಕೆ 12 ರೂಪಾಯಿ. ಫ್ಯಾನ್ ಕಿರ್ ಅನ್ನುತ್ತಿತ್ತು, ಅದಕ್ಕೆ 120. ಸೋಲ್ಡರ್ ಸೀಸ 30. ಒಟ್ಟು 174 ರೂಪಾಯಿ. ನಾಲ್ಕು ವರ್ಷ ಆಯಿತು, ಇವತ್ತಿಗೂ 12 ವೋಲ್ಟ್ ಸಾಲು 12.1 ತೋರಿಸುತ್ತದೆ.

ಹಾಸನದಿಂದ:
ಇಂಥ ಸಲಹೆ ಕೊಡಬೇಡಿ ಸಾರ್. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಅವರು ಅಂಗಡಿ ಲೆಕ್ಕ ಬರೆಯುವವರು, ಮೆಕ್ಯಾನಿಕ್ ಅಲ್ಲ.

ಮೈಸೂರಿನಿಂದ:
ಎಲ್ಲರೂ ಬಿಚ್ಚಿ ಅಂತ ನಾನು ಎಲ್ಲಿ ಹೇಳಿದೆ? ಹದಿನೆಂಟು ವರ್ಷ ಟಿವಿ ರಿಪೇರಿ ಮಾಡಿದ ಕೈ ಇದು. ಮೊದಲು ಮೀಟರ್ ಇಟ್ಟು ನೋಡಿ ಆಮೇಲೆ ಮುಟ್ಟುವವನು. ಮೂರು ಸಲ ಅದೇ ಅಂಗಡಿಯ ಕಳಪೆ ಮಾಲು ತಂದವರು ನನಗೆ ಹೇಳಿಕೊಡಬೇಕಾಗಿಲ್ಲ.

ಹಾಸನದಿಂದ:
ಅದೇ ಅಂಗಡಿ ಅಂತ ಯಾರು ಹೇಳಿದರು? ಎರಡು ಬೇರೆ ಬೇರೆ ಅಂಗಡಿ. ಸರಿಯಾಗಿ ಓದಿ ಮಾತಾಡಿ.

ಹುಬ್ಬಳ್ಳಿಯಿಂದ:
ಜಗಳ ಬಿಡ್ರಿ. ವ್ಯಾಟ್ ನೋಡುವ ಮೊದಲು ಬೋರ್ಡಿಗೆ ಚುಚ್ಚುವ ಪಿನ್ ನೋಡಿ. ನಮ್ಮದು ಆಫೀಸಿನಿಂದ ಬಂದ ತೆಳು ಡಬ್ಬಿ, ದೊಡ್ಡ ಕಂಪನಿಯದ್ದು. 2,900 ಕೊಟ್ಟು ಬ್ರ್ಯಾಂಡೆಡ್ ತಂದೆ. ಕ್ಯಾಬಿನೆಟ್ ಒಳಗೆ ಹೋಗಲೇ ಇಲ್ಲ. ಬೋರ್ಡಿನಲ್ಲಿ 24 ಪಿನ್ ಜಾಗದಲ್ಲಿ 8 ಪಿನ್ ಇತ್ತು. ಅಡಾಪ್ಟರ್ 450, ಬರಲು ಹನ್ನೆರಡು ದಿನ. ಮೂರು ತಿಂಗಳು ಎಸ್‌ಎಂಪಿಎಸ್ ಹೊರಗೆ ರಟ್ಟಿನ ಮೇಲೆ ಕೂತಿತ್ತು. ಚಿಕ್ಕವನು ಅದರ ಫ್ಯಾನಿಗೆ ಪೆನ್ಸಿಲ್ ಹಾಕಿದ ದಿನ ತೆಗೆಸಿಬಿಟ್ಟೆ. ಕೊನೆಗೆ ಗುಜರಿಯಲ್ಲಿ ಅದೇ ಮಾಡೆಲ್‌ನ ಒರಿಜಿನಲ್ ಸಿಕ್ಕಿತು, 1,100. ಆ 2,900ರದ್ದು ಈಗ ಅಟ್ಟದ ಮೇಲಿದೆ. ವಾಪಸ್ ತಗೊಳ್ಳಲಿಲ್ಲ.

ಮಂಗಳೂರಿನಿಂದ:
ಬ್ರ್ಯಾಂಡೆಡ್ ಹಾಕಿ ಅನ್ನುವವರು ಯುಪಿಎಸ್ ಮಾತು ಯಾಕೆ ಎತ್ತುವುದಿಲ್ಲ? ಆ್ಯಕ್ಟಿವ್ ಪಿಎಫ್‌ಸಿ (ಮೇನ್ಸಿನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ 2,650ರದ್ದು ಹಾಕಿಸಿದೆ. ಕರೆಂಟ್ ಹೋದ ಕೂಡಲೇ 600 ವಿಎ ಯುಪಿಎಸ್ ಕುಂಯ್ ಅಂದು ಆಫ್. ಹಳೇ ಎಸ್‌ಎಂಪಿಎಸ್ ಇದ್ದಾಗ ಹಾಗೆ ಆಗಿದ್ದೇ ಇಲ್ಲ. ಮಳೆಗಾಲದಲ್ಲಿ ದಿನಕ್ಕೆ ಆರು ಸಲ. ಕೊನೆಗೆ ಹೊಸ ದೊಡ್ಡ ಯುಪಿಎಸ್ 4,800. ಒಟ್ಟು 7,450 ಆಯಿತು. ಕಂಪ್ಯೂಟರೇ ಅಷ್ಟು ಬಾಳುವುದಿಲ್ಲ.

ಹಾಸನದಿಂದ:
ನಿಮ್ಮ ಯುಪಿಎಸ್ ಬ್ಯಾಟರಿ ಹಳೇದಾಗಿರಬೇಕು.

ಮಂಗಳೂರಿನಿಂದ:
ಎರಡು ತಿಂಗಳ ಹಿಂದೆ ಹಾಕಿಸಿದ್ದು. 950 ರೂಪಾಯಿ. ಬಿಲ್ ಇದೆ.

ಮೈಸೂರಿನಿಂದ:
ಎಲ್ಲಾ ಬಿಡಿ, ಯಾರಾದರೂ ಅರ್ಥಿಂಗ್ ಕೇಳಿದಿರಾ? ದಾವಣಗೆರೆಯವರೇ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತಾ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ವೈರಿಗೆ ಸೇರಿರುತ್ತವೆ. ಅರ್ಥ್ ಸರಿಯಿಲ್ಲದಿದ್ದರೆ ಡಬ್ಬಿಗೇ ಸುಮಾರು ಅರ್ಧ ಮೇನ್ಸ್, 115 ವೋಲ್ಟ್ ಹತ್ತಿರ ಬರುತ್ತದೆ. ಕರೆಂಟ್ ಕಮ್ಮಿ, ಅದಕ್ಕೇ ಜುಮ್ ಅಂದು ಸುಮ್ಮನಾಗುತ್ತದೆ. ಹೊಸದಕ್ಕೂ ಅದೇ ಗತಿ.

ಹಾಸನದಿಂದ:
ಇದೊಂದು ಮಾತು ಸರಿ ಹೇಳಿದಿರಿ. ಆದರೆ ಅರ್ಥಿಂಗ್ ಇಲ್ಲದ್ದಕ್ಕೇ ಎಸ್‌ಎಂಪಿಎಸ್ ಹೋಯಿತು ಅಂತ ಸಾಧಿಸಬೇಡಿ. ನಮ್ಮ ಮನೆಯಲ್ಲಿ ಉಪ್ಪು, ಇದ್ದಿಲು ಹಾಕಿ ಗುಂಡಿ ತೋಡಿಸಿದ್ದೆ. ಆದರೂ ಮೂರು ಹೋದವು.

ಮೈಸೂರಿನಿಂದ:
ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿದ್ದಿರಾ?

ಹಾಸನದಿಂದ:
ಮತ್ತೆ ಶುರು ಮಾಡಿದಿರಾ?

ದಾವಣಗೆರೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಜುಮ್ ಅನ್ನುತ್ತಿದ್ದುದು ನಿಜ. ಎಲೆಕ್ಟ್ರಿಷಿಯನ್ ಕರೆಸಿದೆ. ಸ್ವಿಚ್ ಬೋರ್ಡ್ ಬಿಚ್ಚಿದರೆ ಹಸಿರು ವೈರಿನ ತುದಿ ಹಾಗೇ ಸುರುಳಿ ಸುತ್ತಿ ಬಿಟ್ಟಿದ್ದರು, ಎಲ್ಲಿಗೂ ಸೇರಿಸಿರಲಿಲ್ಲ. ಸರಿ ಮಾಡಲು 300 ತಗೊಂಡರು. ನಮ್ಮದರಲ್ಲಿ 24 ಪಿನ್ನೇ ಇತ್ತು, ಹುಬ್ಬಳ್ಳಿ ಮೇಡಂ. ಬ್ರ್ಯಾಂಡೆಡ್ಡೇ ತಂದೆ, 2,550ಕ್ಕೆ ಇಳಿಸಿದರು. ಆನ್ ಆಯಿತು. ಗಡಿಯಾರ ಮಾತ್ರ 2012 ತೋರಿಸಿತು. ಬೋರ್ಡಿನ ಸಿಆರ್2032 ಸೆಲ್ಲಿಗೆ 40 ರೂಪಾಯಿ. ಮಗಳು ಪ್ರಾಜೆಕ್ಟ್ ಮುಗಿಸಿದಳು.

ಮೈಸೂರಿನಿಂದ:
ಹಳೇದನ್ನು ಗುಜರಿಗೆ ಹಾಕಬೇಡಿ. ನನಗೆ ಕಳಿಸಿ, ಕೊರಿಯರ್ ದುಡ್ಡು ನಾನು ಕೊಡುತ್ತೇನೆ.

ಹಾಸನದಿಂದ:
ಬಿಲ್ ತಗೊಂಡಿರಾ ಸಾರ್?