ಆಕ್ಸಲ್ ಅಂದರೆ ಅಚ್ಚೋ, ಒಳಗಿನ ಸರಳೋ?

ಗೆಳೆಯರೇ,

ಒಂದು ಪದದ ದೆಸೆಯಿಂದ ನನ್ನ ಗಾಡಿ ಎರಡು ವಾರ ಶೆಡ್ಡಿನಲ್ಲೇ ನಿಂತಿತು. ಗಾಡಿಯ ಭಾಗಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗಲೂ ಇದೇ ತೊಡಕು. ಅದಕ್ಕೇ ಈ ಪ್ರಶ್ನೆ.

ತೋಟಕ್ಕೆಂದು ಇಟ್ಟುಕೊಂಡಿರುವ ಹಳೇ ಫೋರ್ ಬೈ ಫೋರ್ (ನಾಲ್ಕು ಚಕ್ರಕ್ಕೂ ಎಳೆತವಿರುವ) ಪಿಕಪ್ಪಿನ ಹಿಂಬದಿ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಕವಚ, ಬಿರುಕು ಬಿಟ್ಟಿತ್ತು. ಮಂಡ್ಯದ ಮೆಕ್ಯಾನಿಕ್ಕಿಗೆ ಫೋನು ಮಾಡಿ, ‘ಹಿಂದಿನ ಆಕ್ಸಲ್ ಬದಲಾಯಿಸಬೇಕು, ಗುಜರಿಯಲ್ಲಿ ಒಂದು ನೋಡಿ’ ಅಂದೆ. ಹೋಗಿ ನೋಡಿದರೆ ಬೆಂಚಿನ ಮೇಲೆ ಗ್ರೀಸು ಮೆತ್ತಿದ ಎರಡು ಸರಳು! ‘ನೀವೇಳಿದ್ದು ಇದೇ ತಾನೆ ಸಾರ್? ಇಡೀದು ಬೇಕಿದ್ರೆ ಹೌಸಿಂಗ್ ಅನ್ಬೇಕಿತ್ತು.’

ಅವರದೇನೂ ತಪ್ಪಿಲ್ಲ. ಶೆಡ್ಡಿನಲ್ಲಿ ಆಕ್ಸಲ್ ಎಂದರೆ ಚಕ್ರವನ್ನು ತಿರುಗಿಸುವ ಒಳಸರಳು. ಅದನ್ನು ಮುಚ್ಚಿಕೊಂಡು ಭಾರ ಹೊರುವ ಕೊಳವೆ, ನಡುವಿನ ಗುಂಡನೆಯ ಹೊಟ್ಟೆ ಸಮೇತ, ಹೌಸಿಂಗ್. ಹೊಟ್ಟೆಯೊಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್.

ಈಗ ನಮ್ಮ ‘ಅಚ್ಚು’ ಇವುಗಳಲ್ಲಿ ಯಾವುದು? ತಾತನ ಕಬ್ಬಿನ ಗಾಡಿಯಲ್ಲಿ ಅಚ್ಚು ತಿರುಗುತ್ತಿರಲಿಲ್ಲ. ಚಕ್ರದ ನಡುವಿನ ಗುಂಬ ಅದರ ಸುತ್ತ ತಿರುಗುತ್ತಿತ್ತು, ಚಕ್ರ ಕಳಚದಂತೆ ತುದಿಗೆ ಕಡಾಣಿ ಎಂಬ ಕೀಲು. ಅಂದರೆ ಹೊರುವುದು ಅಚ್ಚು, ತಿರುಗುವುದು ಚಕ್ರ. ಆ ಲೆಕ್ಕಕ್ಕೆ ಪಿಕಪ್ಪಿನ ಹೌಸಿಂಗೇ ಅಚ್ಚು. ಎತ್ತಿನ ಗಾಡಿಯಲ್ಲಿ ಎಳೆತ ಬರುವುದು ನೊಗದಿಂದ, ಚಕ್ರದಿಂದಲ್ಲ. ಹಾಗಾಗಿ ಒಳಸರಳಿಗೆ ಅಲ್ಲಿ ಜೋಡಿಯೇ ಇಲ್ಲ. ಎರಡಕ್ಕೂ ಅಚ್ಚು ಎಂದೇ ಬರೆಯುವುದು ನನಗಂತೂ ಸರಿಕಾಣದು. ‘ಇರುಸು’ ಎನ್ನೋಣವೇ? ಅದೂ ಗಾಡಿಯ ಅಚ್ಚಿನದೇ ಇನ್ನೊಂದು ಹೆಸರು.

ಇನ್ನೊಂದು: ಗೇರ್ ಅನುಪಾತ ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ಮೆಕ್ಯಾನಿಕ್ ಕೇಳಿದ್ದು ‘ಹಲ್ಲೆಷ್ಟು?’ ಅಂತ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಆಮೇಲೆ ಜನಬಳಕೆಗೆ ಬಂದ ಮೊದಮೊದಲ ಸಿಜೆ ಜೀಪುಗಳಲ್ಲಿ 8ಕ್ಕೆ 43. ಹಿಂದೆ ಒಂದು ಅನುಪಾತದ್ದು, ಮುಂದೆ ಇನ್ನೊಂದು ಅನುಪಾತದ್ದು ಹಾಕಿ ನಾಲ್ಕು ಚಕ್ರಕ್ಕೂ ಎಳೆತ ಕೊಟ್ಟು ಡಾಂಬರಿನ ಮೇಲೆ ಓಡಿಸಿದರೆ ಎರಡೂ ಕಡೆ ಒಂದಕ್ಕೊಂದು ತಿಕ್ಕಾಟಕ್ಕೆ ಬಿದ್ದು ‘ಗಾಡಿ ಹಿಡ್ಕತದೆ’. ಈ ‘ಹಿಡ್ಕತದೆ’ಗಿಂತ ಒಳ್ಳೆಯ ಪಾರಿಭಾಷಿಕ ಪದ ಇದ್ದರೆ ತೋರಿಸಿ ನೋಡೋಣ.

ಒಂದು ಗಾಡಿಯದನ್ನು ಇನ್ನೊಂದಕ್ಕೆ ಹಾಕುವುದಕ್ಕೆ ‘ಅದಲು ಬದಲು’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಇಲ್ಲಿ ಯಾರೂ ಏನನ್ನೂ ವಾಪಸು ಕೊಡುವುದಿಲ್ಲವಲ್ಲ. ಶೆಡ್ಡಿನ ಮಾತು ‘ಕೂರಿಸು’. ‘ಕಮಾನ್ ಪಟ್ಟಿ ಕೂರೋ ಜಾಗ ಅರ್ಧ ಇಂಚು ಆಚೆಗದೆ, ಹಂಗೇ ಕೂರಲ್ಲ, ಕಟ್ ಮಾಡಿ ವೆಲ್ಡಿಂಗ್ ಮಾಡ್ಬೇಕು.’ (ಕಮಾನ್ ಪಟ್ಟಿ ಅಂದರೆ ಗಾಡಿಯ ಭಾರ ಹೊರುವ ಬಾಗಿದ ಸ್ಪ್ರಿಂಗ್ ಪಟ್ಟಿ.) ‘ಕೂರಿಸು’ ಎಂಬುದನ್ನೇ ಇಟ್ಟುಕೊಂಡಿದ್ದೇನೆ.

ಉಳಿದದ್ದು ಆ ಒಳಸರಳು. ನಾಗಮಂಗಲ, ಹುಣಸೂರು ಕಡೆಯ ಶೆಡ್ಡುಗಳಲ್ಲಿ ಅದಕ್ಕೆ ಆಕ್ಸಲ್ ಬಿಟ್ಟು ಬೇರೆ ಹೆಸರು ಕೇಳಿದ್ದೀರಾ?