ಪದ ಬೇಕು: ಮೂಳೆಗೆ ಹಾಕುವ ಮೆಟಲ್ ಕಾಂಪೊಸಿಟ್‌ಗೆ

ನಮ್ಮ ಕಾಲೇಜಿನ ಲೋಹಶಾಸ್ತ್ರ ವಿಭಾಗದ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆಯೇ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ವಸ್ತು ಇದು: ಮೆಗ್ನೀಸಿಯಂಗೆ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥದೇ ಖನಿಜ) ಪುಡಿ ಸೇರಿಸಿ ಮಾಡಿದ, ಮುರಿದ ಮೂಳೆಯ ಜೊತೆ ತಾನೂ ಮೈಭಾರ ಹೊರಬೇಕಾದ ಪ್ಲೇಟು. ‘ಮಿಶ್ರಲೋಹ’ ಎನ್ನುವಂತಿಲ್ಲ, ಅದು ಅಲಾಯ್. ‘ಸಂಯುಕ್ತ’ ಶಾಲೆಯಿಂದಲೇ ಕಾಂಪೌಂಡ್‌ಗೆ ಮೀಸಲು. ಇಲ್ಲಿ ಪುಡಿ ಲೋಹದಲ್ಲಿ ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಳುಕಾಳಾಗಿ ಹಾಗೇ ಕೂತಿರುತ್ತದೆ. ಏನನ್ನೋಣ? ಹೀಗೆ ಮೈಯೊಳಗೆ ಕೂರಿಸುವ ಇಂಪ್ಲಾಂಟ್‌ಗೆ ‘ಕಸಿ’ ಆದೀತೇ?

ಉತ್ತರ 1
ಕನ್ನಡದ ಬೇರು ಹಿಡಿಯಿರಿ. ಕರ್ (ಕಪ್ಪು) + ಪೊನ್ (ಹೊನ್ನು) ಕರ್ಬೊನ್ ಆಗಿ, ಅದೇ ಕಬ್ಬಿಣವಾದದ್ದು. ಅಲ್ಲಿ ಪೊನ್ ಎಂದರೆ ಲೋಹವೇ. ‘ಕೂಡುಹೊನ್ನು’ ಎನ್ನಿ. ಸಂಸ್ಕೃತದ ಲೋಹ ಯಾಕೆ ಬೇಕು?

ಉತ್ತರ 2
ಆಗದು. ಹೊನ್ನು ಇವತ್ತು ಚಿನ್ನ, ಅಷ್ಟೇ.

‘ಕಸಿ’ಯನ್ನೂ ಬಿಡಿ. ಕಿಡ್ನಿ ಕಸಿ ಕೇಳಿದವರಿಗೆ ಇನ್ನೊಬ್ಬರ ಮೂಳೆ ತಂದು ಕೂರಿಸುತ್ತಾರೆ ಎಂದೇ ಅನಿಸುತ್ತದೆ. ನನ್ನ ಅಮ್ಮನ ತೊಡೆಮೂಳೆ ಮುರಿದಾಗ ಒಪ್ಪಿಗೆಪತ್ರದಲ್ಲಿ ‘ಅಂತರ್ನಿವೇಶ’ ಎಂದಿತ್ತು. ಅಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದರು. ನರ್ಸ್ ‘ರಾಡ್ ಹಾಕ್ತಾರಮ್ಮ’ ಅಂದ ಮೇಲೇ ಸಹಿ ಹಾಕಿದ್ದು.

ಫಲಕದಲ್ಲಿ ಮುಖ್ಯವಾಗಿ ಬರಬೇಕಾದ್ದು ಬಿಗಿತದ ವಿಷಯ. ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 200 ಗಿಗಾಪ್ಯಾಸ್ಕಲ್ (ಬಿಗಿತ ಅಳೆಯುವ ಮಾನ), ಟೈಟಾನಿಯಂ ಮಿಶ್ರಲೋಹದ್ದು 110, ಮೆಗ್ನೀಸಿಯಂನದು 45. ಮೂಳೆಯ ಗಟ್ಟಿ ಹೊರಪದರದ್ದು 10ರಿಂದ 30. ತೀರ ಬಿಗಿಯಾದದ್ದು ಹೊರೆಯೆಲ್ಲ ತಾನೇ ಹೊತ್ತುಬಿಟ್ಟರೆ ಕೆಲಸ ತಪ್ಪಿದ ಮೂಳೆ ತೆಳುವಾಗುತ್ತದೆ. ಅದನ್ನು ಬರೆಯಿರಿ. ಪದ ‘ಕಾಂಪೊಸಿಟ್’ ಎಂದೇ ಇರಲಿ.

ಉತ್ತರ 1, ಮತ್ತೆ
ಹೊನ್ನು ಬಿಟ್ಟೆ. ಆದರೆ ಮಣ್ಣಿಗೆ ಹುಲ್ಲು ಕಲಸಿ ಗೋಡೆ ಎಬ್ಬಿಸಿದ ಜನ ನಾವು. ಅದೂ ಇದೇ ಜಾತಿಯದಲ್ಲವೇ? ಕೆಲಸ ಗೊತ್ತಿದ್ದವರಿಗೆ ಮಾತು ಹುಟ್ಟಿಸಲು ಬರುವುದಿಲ್ಲವೆಂದರೆ ನಾನು ಒಪ್ಪುವುದಿಲ್ಲ. ‘ಕಲಸುಲೋಹ’.

ಉತ್ತರ 2
ಕಲಸುವುದು ಹಿಟ್ಟನ್ನು. ‘ಆಸ್ಪತ್ರೆ’ಯನ್ನೇ ಹೊರಗಿಂದ ತಂದು ನಮ್ಮದು ಮಾಡಿಕೊಂಡಿದ್ದೇವೆ. ಎರವಲು ಪಡೆದು ಯಾವ ಭಾಷೆಯೂ ಬಡವಾಗಿಲ್ಲ.

ಕೇಳಿದವರು
ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಮೂಳೆಯೊಂದಿಗೆ ಭಾರ ಹೊರುವ ಮೆಗ್ನೀಸಿಯಂ ಕಾಂಪೊಸಿಟ್ ಪ್ಲೇಟು’. ಹುಲ್ಲು ಕಲಸಿದ ಮಣ್ಣಿನ ಹೋಲಿಕೆಯನ್ನು ಕೆಳಗೆ ಸೇರಿಸಿದೆ, ಮಕ್ಕಳಿಗೆ ತಟ್ಟನೆ ಹಿಡಿಯುತ್ತದೆ. ಹೊರೆ ತಪ್ಪಿ ಮೂಳೆ ತೆಳುವಾಗುವುದಕ್ಕೆ ‘ಸ್ಟ್ರೆಸ್ ಶೀಲ್ಡಿಂಗ್’ ಎನ್ನುತ್ತಾರೆ. ಅದರ ಜಾಗ ಇನ್ನೂ ಖಾಲಿ ಇದೆ. ಬೆಳಿಗ್ಗೆ ಹತ್ತರೊಳಗೆ ಯಾರಾದರೂ ಹೇಳಿ.