ಬೆನ್ನಿನ ಡಿಸ್ಕ್ ಬದಲಿಸಿ ಮೂರೂವರೆ ತಿಂಗಳು, ಮತ್ತೆ ದುರ್ಗದ ಕೋಟೆ ಹತ್ತಬಹುದಾ?

ಕೆರೆ ಏರಿ ವಾಕರ್, ದಾವಣಗೆರೆ
ನಮಸ್ಕಾರ. ನನಗೆ 43 ವರ್ಷ. ಸೊಂಟದ ಕೊನೆಯ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಎಲ್5-ಎಸ್1 ಅನ್ನುವ ಜಾಗದ್ದು, ಪೂರ್ತಿ ಸವೆದಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಕೃತಕ ಡಿಸ್ಕ್ ಹಾಕಿಸಿಕೊಂಡೆ. ಮರುದಿನವೇ ಎಬ್ಬಿಸಿ ನಡೆಸಿದರು. ಈಗ ಮೂರೂವರೆ ತಿಂಗಳು. ಕಾಲಿಗೆ ಇಳಿಯುತ್ತಿದ್ದ ನೋವು ಹೋಗಿದೆ, ಬೆಳಗ್ಗೆ ಕುಂದುವಾಡ ಕೆರೆ ಹತ್ತಿರ ನಾಲ್ಕು ಕಿಲೋಮೀಟರ್ ಆರಾಮಾಗಿ ನಡೆಯುತ್ತೇನೆ. ಮೊನ್ನೆ ಡಾಕ್ಟರು ಎಕ್ಸ್‌ರೇ ನೋಡಿ, ಎಲ್ಲಾ ಸರಿಯಿದೆ, ನಿಧಾನಕ್ಕೆ ಮೊದಲಿನ ಥರ ಇರಿ ಅಂದರು. ನಿಧಾನಕ್ಕೆ ಅಂದರೆ ಎಷ್ಟು ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು! ಮನೆಯಲ್ಲಿ ಅಮ್ಮ ನೀರಿನ ಕೊಡ ಇರಲಿ, ಹಾಲಿನ ಪ್ಯಾಕೆಟ್ ಎತ್ತಲೂ ಬಿಡುತ್ತಿಲ್ಲ. ಮೊದಲೆಲ್ಲ ತಿಂಗಳಿಗೊಮ್ಮೆ ಗೆಳೆಯರ ಜೊತೆ ಚಿತ್ರದುರ್ಗದ ಕೋಟೆ ಹತ್ತುತ್ತಿದ್ದೆ, ವಾರಕ್ಕೆ ಮೂರು ದಿನ ಶಟಲ್ ಆಡುತ್ತಿದ್ದೆ. ಎರಡರಲ್ಲಿ ಯಾವುದು ಮೊದಲು? ಒಳಗಿನ ಲೋಹ ಜರುಗಿಬಿಟ್ಟರೆ ಅನ್ನೋ ಭಯ ಬೇರೆ.

ದುರ್ಗದ ಫಿಸಿಯೋ
ಸರ್, ಜರುಗುವ ಭಯ ಜಾಸ್ತಿ ಇರೋದು ಮೊದಲ ವಾರಗಳಲ್ಲಿ. ಡಿಸ್ಕಿನ ಮೇಲೊಂದು ಕೆಳಗೊಂದು ಲೋಹದ ತಟ್ಟೆ ಇರುತ್ತದೆ, ಅದರ ಮೊನೆಗಳು ಮೂಳೆಗೆ ಕಚ್ಚಿಕೊಂಡಿರುತ್ತವೆ, ಆಮೇಲೆ ಮೂಳೆಯೇ ಬೆಳೆದು ತಟ್ಟೆಯನ್ನು ಹಿಡಿಯುತ್ತದೆ, ಅದಕ್ಕೆ ತಿಂಗಳುಗಳೇ ಬೇಕು. ಶುರುವಿನಲ್ಲಿ ಹಿಂದಕ್ಕೆ ಬಾಗಬೇಡಿ, ಸೊಂಟ ತಿರುಚಬೇಡಿ ಅನ್ನೋದು ಅದಕ್ಕೇ. ನಿಮ್ಮ ಎಕ್ಸ್‌ರೇ ಸರಿ ಇದೆಯಲ್ಲ, ಬಿಡಿ.

ಜನ ಮರೆಯೋದು ಇನ್ನೊಂದನ್ನು. ಸೊಂಟದ ಈ ಆಪರೇಷನ್ ಹೊಟ್ಟೆ ಕಡೆಯಿಂದ ಮಾಡುತ್ತಾರೆ, ಹೊಟ್ಟೆಯ ಸ್ನಾಯು ಸೊರಗಿರುತ್ತದೆ. ವರ್ಷಗಟ್ಟಲೆ ನೋವಿಗೆ ಹೆದರಿ ವಾಲಿಕೊಂಡು ನಡೆದಿರುತ್ತೀರಿ. ಡಿಸ್ಕ್ ಹೊಸದು, ಸುತ್ತ ಇರುವವರೆಲ್ಲ ಹಳಬರು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ನೋಡಿ, ಗೊತ್ತಾಗುತ್ತದೆ. ಶಟಲ್ ಕೊನೆಗೆ ಇರಲಿ. ಸ್ಮ್ಯಾಶ್ ಹೊಡೆಯುವಾಗ ಹಿಂದಕ್ಕೆ ಬಾಗೋದು, ತಿರುಚೋದು ಎರಡೂ ಒಟ್ಟಿಗೆ ಆಗುತ್ತದೆ. 20 ಲೀಟರ್ ನೀರಿನ ಕ್ಯಾನೂ ಅಷ್ಟೇ, ಈಗಲೇ ಬೇಡ. ಹಾಲಿನ ಪ್ಯಾಕೆಟ್ ಎತ್ತಿ ಸರ್, ಏನೂ ಆಗಲ್ಲ. ಡಾಕ್ಟರಿಗೆ ಮುಂದಿನ ಸಲ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ: ಎಷ್ಟು ಕೆಜಿ, ಯಾವಾಗಿಂದ.

ಬೆಣ್ಣೆದೋಸೆ
ನಂದು ಕತ್ತಿನ ಡಿಸ್ಕ್, ಸಿ5-ಸಿ6, ಆರು ವರ್ಷ ಆಯಿತು. ಕೋಟೆ ಬಗ್ಗೆ ಹೇಳ್ತೀನಿ ಕೇಳಿ ಅಣ್ಣ. ಹತ್ತೋದು ಕಷ್ಟ ಅಲ್ಲ, ಇಳಿಯೋದು ಕಷ್ಟ. ಬಂಡೆ ಮೇಲೆ ಒಂದೊಂದು ಹೆಜ್ಜೆಯೂ ದಡ್ ಅಂತ ಬೆನ್ನಿಗೇ ಬರುತ್ತದೆ. ಮೊದಲ ಸಲ ಏಕನಾಥೇಶ್ವರಿ ಗುಡಿವರೆಗೆ ಹೋಗಿ ವಾಪಸ್ ಬನ್ನಿ, ಸಾಕು. ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳೋ ಸಾಹಸ ಈ ವರ್ಷ ಬೇಡವೇ ಬೇಡ. ಮತ್ತೆ ಕೈಯಲ್ಲಿ ಕವರ್ ಹಿಡಿಯಬೇಡಿ. ನನ್ನ ಮಂಡಕ್ಕಿ ಪೊಟ್ಟಣಕ್ಕೆ ಕೋತಿ ಹಾರಿತು, ಗಬಕ್ಕನೆ ತಿರುಗಿದೆ, ಎರಡು ದಿನ ಕತ್ತು ಅಲ್ಲಾಡಿಸೋಕೆ ಆಗಲಿಲ್ಲ. ಡಿಸ್ಕಿಗೆ ಏನೂ ಆಗಿರಲಿಲ್ಲ, ಬರೀ ಸ್ನಾಯು ಹಿಡಿದಿತ್ತು. ಆದರೆ ಆ ಎರಡು ರಾತ್ರಿ ನಿದ್ದೆ ಬಂದಿದ್ದರೆ ಕೇಳಿ.

ಹರಿಹರದ ಹುಡುಗ
ನಮ್ಮ ಚಿಕ್ಕಪ್ಪನಿಗೆ ಸ್ಕ್ರೂ ಹಾಕಿ ಮೂಳೆ ಬೆಸೆದರು, ಗಟ್ಟಿಯಾಗಿದ್ದಾರೆ. ಈ ಡಿಸ್ಕ್ ಹೊಸ ವಿದ್ಯೆ ಅಲ್ವಾ, ಸುಮ್ನೆ ರಿಸ್ಕ್ ಯಾಕೆ?

ದುರ್ಗದ ಫಿಸಿಯೋ
ಹೊಸದೇನಲ್ಲ. 1980ರ ದಶಕದಲ್ಲೇ ಬರ್ಲಿನ್‌ನಲ್ಲಿ ಶುರುವಾಗಿದ್ದು, ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಸೆದರೆ ಆ ಜಾಗ ಅಲ್ಲಾಡಲ್ಲ, ಇದು ಅಲ್ಲಾಡುತ್ತದೆ. ಆದರೆ ಎಲ್ಲರಿಗೂ ಹೊಂದಲ್ಲ. ಬೆನ್ನಿನ ಹಿಂಭಾಗದ ಸಣ್ಣ ಕೀಲುಗಳು ಸವೆದಿದ್ದರೆ, ಮೂಳೆ ಟೊಳ್ಳಾಗಿದ್ದರೆ ಹಾಕಲ್ಲ. ನಿಮ್ಮ ಚಿಕ್ಕಪ್ಪನಿಗೆ ಅದೇ ಸರಿ ಇದ್ದಿರಬಹುದು.

ಕೆರೆ ಏರಿ ವಾಕರ್, ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್. ಕುರ್ಚಿ ಪರೀಕ್ಷೆ ಮಾಡಿದೆ, ಆರಕ್ಕೇ ತೊಡೆ ಗಡಗಡ ಅಂತು. ಕೋಟೆ ಮುಂದಿನ ತಿಂಗಳು ನೋಡೋಣ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ, ಹಾಲಿನ ಪ್ಯಾಕೆಟ್‌ಗೆ ಪರ್ಮಿಷನ್ ಸಿಕ್ಕಿದೆ. ಅರ್ಧ ಲೀಟರ್‌ದು ಮಾತ್ರ.